ತೊಗರಿ ಮತ್ತು ತಕ್ಕಡಿ

ತಕ್ಕಡಿಯ ಎರಡು ತಟ್ಟೆಗಳು ಸಮನಾಗಿ ನಿಂತರೆ ವ್ಯಾಪಾರ ನ್ಯಾಯವಾಗಿ ನಡೆಯಿತೆಂದು ಲೋಕ ಭಾವಿಸುತ್ತದೆ. ತೂಕದಲ್ಲಿ ಮೋಸವಿಲ್ಲ, ಲೆಕ್ಕದಲ್ಲಿ ತಪ್ಪಿಲ್ಲ, ಮಾರುವವನೂ ಕೊಳ್ಳುವವನೂ ತಮ್ಮ ತಮ್ಮ ಒಪ್ಪಿಗೆಯಿಂದಲೇ ವ್ಯವಹರಿಸಿದ್ದಾರೆ; ಹೀಗಿರುವಾಗ ಅನ್ಯಾಯದ ಮಾತೆಲ್ಲಿಂದ ಬಂತು ಎಂಬುದು ಮೇಲುನೋಟಕ್ಕೆ ಸರಿಯಾದ ಪ್ರಶ್ನೆಯೇ. ಆದರೆ ತಕ್ಕಡಿ ತೂಗುವುದು ಸರಕನ್ನು ಮಾತ್ರ. ಅದರ ಎರಡು ಬದಿಗೆ ನಿಂತವರ ಸ್ಥಿತಿಯನ್ನು ಅದು ತೂಗಲಾರದು. ಒಬ್ಬನಿಗೆ ಇಂದು ಕೊಳ್ಳದಿದ್ದರೆ ನಾಳೆ ಕೊಳ್ಳಬಹುದೆಂಬ ನೆಮ್ಮದಿಯುಂಟು. ಇನ್ನೊಬ್ಬನಿಗೆ ಇಂದು ಮಾರದಿದ್ದರೆ ನಾಳೆಯ ದಿನ ಕಳೆಯುವುದು ಹೇಗೆಂಬ ಚಿಂತೆ. ಕಾಯಬಲ್ಲವನಿಗೂ ಕಾಯಲಾರದವನಿಗೂ ನಡುವೆ ನಡೆಯುವ ವ್ಯಾಪಾರದಲ್ಲಿ ತಟ್ಟೆಗಳು ಸಮನಾಗಿದ್ದರೂ ಬೆಲೆಯು ಒಂದೇ ಕಡೆಗೆ ವಾಲುತ್ತದೆ. ಇಬ್ಬರು ಮನುಷ್ಯರ ವಿಷಯದಲ್ಲಿ ನಿಜವಾದ ಈ ಮಾತು ಎರಡು ದೇಶಗಳ ವಿಷಯದಲ್ಲಿಯೂ ನಿಜ. ಇದನ್ನು ಅರಿಯಲು ದೂರದ ನಗರಗಳಿಗೆ ಹೋಗಬೇಕಾಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿಯ ಹೊಲದ ಬದುವಿನ ಮೇಲೆ ನಿಂತರೆ ಸಾಕು.

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಎರೆಮಣ್ಣಿನ ಸೀಮೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನೆಲವನ್ನು ತಾಗುತ್ತ ಮುಂದೆ ಸಾಗುತ್ತದೆ. ನದಿಗಳಿದ್ದರೂ ಬಹುಪಾಲು ಹೊಲಗಳು ಮುಗಿಲನ್ನೇ ನಂಬಿದವು. ಇಂತಹ ನೆಲಕ್ಕೆ ತೊಗರಿ ಹೇಳಿ ಮಾಡಿಸಿದ ಬೆಳೆ. ಅದರ ಬೇರು ಆಳಕ್ಕೆ ಇಳಿದು ಎರೆಯು ಹಿಡಿದಿಟ್ಟುಕೊಂಡ ತೇವವನ್ನು ಹುಡುಕಿಕೊಳ್ಳುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಕಾಳು ಮನುಷ್ಯನಿಗೆ, ಹೊಟ್ಟು ದನಗಳಿಗೆ, ಕಟ್ಟಿಗೆ ಒಲೆಗೆ. ಸುಣ್ಣದ ಅಂಶವುಳ್ಳ ಈ ಮಣ್ಣಿನಲ್ಲಿ ಬೆಳೆದ ತೊಗರಿಬೇಳೆಯ ರುಚಿ ಬೇರೆಯೆಂಬುದನ್ನು ಅಡುಗೆ ಬಲ್ಲವರೆಲ್ಲರೂ ಒಪ್ಪುತ್ತಾರೆ. 2019ರಲ್ಲಿ ಇಲ್ಲಿಯ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಜೂನ್, ಜುಲೈ ತಿಂಗಳುಗಳಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ. ಈ ಆರು ತಿಂಗಳ ಅವಧಿ ರೈತನಿಗೆ ಆರು ಪರೀಕ್ಷೆಗಳಿದ್ದಂತೆ. ಮಳೆ ತಡವಾದರೆ ಬಿತ್ತನೆ ತಡ. ಮಳೆ ಹೆಚ್ಚಾದರೆ ಎರೆಯಲ್ಲಿ ನೀರು ನಿಂತು ಬೇರು ಕೊಳೆಯುವ ಭಯ. ಹೂ ಬಿಟ್ಟ ಕಾಲಕ್ಕೆ ಮೋಡ ಕವಿದರೆ ಕಾಯಿಕೊರಕ ಹುಳುವಿನ ಹಾವಳಿ. ಹಿಂದೆ ಮನೆಮಂದಿಯೆಲ್ಲರೂ ಹೊಲಕ್ಕಿಳಿದು, ಗಿಡದ ಕೆಳಗೆ ಬಟ್ಟೆ ಹಿಡಿದು, ಗಿಡವನ್ನು ಅಲುಗಾಡಿಸಿ ಹುಳುಗಳನ್ನು ಉದುರಿಸುತ್ತಿದ್ದರು. ವಿಷದ ಔಷಧಿಗಿಂತ ಆ ಉಪಾಯವೇ ಲೇಸೆಂದು ಕೃಷಿ ವಿಜ್ಞಾನಿಗಳೂ ಅದನ್ನು ಎತ್ತಿ ಹಿಡಿದರು. 2022ರಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನೆಟೆರೋಗ ತಗುಲಿ ನಿಂತ ಬೆಳೆಯೇ ಒಣಗಿ ಹೋದದ್ದನ್ನು ಈ ಭಾಗದ ಜನ ಇನ್ನೂ ಮರೆತಿಲ್ಲ. ಇಷ್ಟೆಲ್ಲವನ್ನೂ ದಾಟಿ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂದವನಿಗೆ ಇನ್ನುಳಿದಿರುವ ಪರೀಕ್ಷೆ ಒಂದೇ, ಅದು ಬೆಲೆಯದು.

ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಬರೆಯುವವರು ಬೇರೆಯವರು. ಬೀಜ, ಗೊಬ್ಬರ, ಔಷಧಿ, ಕೂಲಿ ಎಂದು ಆರು ತಿಂಗಳು ಮಾಡಿದ ಸಾಲ ರಾಶಿಯ ದಿನವೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ, ತಾಯಿಯ ಔಷಧೋಪಚಾರ ಎಲ್ಲವೂ ತೊಗರಿಯ ರಾಶಿಗೇ ಕಾದಿರುತ್ತವೆ. ಜನವರಿಯಲ್ಲಿ ಎಲ್ಲರೂ ಒಟ್ಟಿಗೆ ಮಾರುಕಟ್ಟೆಗೆ ಬರುವುದರಿಂದ ಬೆಲೆ ಇಳಿಯುತ್ತದೆಂಬುದು ರೈತನಿಗೆ ತಿಳಿಯದ ಸಂಗತಿಯಲ್ಲ. ತಿಳಿದೂ ಮಾರುತ್ತಾನೆ, ಏಕೆಂದರೆ ಅವನು ಕಾಯಲಾರ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಹಾಕಿ ಬಾಯಿಗೆ ಮಣ್ಣು ಮುಚ್ಚಿ ವರ್ಷಗಟ್ಟಲೆ ಕಾಯುತ್ತಿದ್ದರು. ಹಗೇವು ಧಾನ್ಯದ ಉಗ್ರಾಣವಾಗಿತ್ತು ನಿಜ. ಅದಕ್ಕಿಂತ ಹೆಚ್ಚಾಗಿ ಅದು ಒಕ್ಕಲಿಗನಿಗೆ ಕಾಯುವ ಶಕ್ತಿಯನ್ನು ಕೊಟ್ಟಿತ್ತು. ಜೋಳ ಊಟಕ್ಕೆಂದು ಬೆಳೆದದ್ದು, ತೊಗರಿ ಪೇಟೆಗೆಂದು ಬೆಳೆದದ್ದು. ಪೇಟೆಗೆಂದು ಬೆಳೆದ ಬೆಳೆಗೆ ಹಗೇವು ಇಲ್ಲ.

ಇದು ರೈತನಿಗೂ ಅಡತಿಗೂ ಸಂಬಂಧಿಸಿದ ಮಾತಾಯಿತು. ದೇಶದೇಶಗಳ ನಡುವಣ ವ್ಯಾಪಾರಕ್ಕೂ ಇದಕ್ಕೂ ಏನು ನಂಟು ಎಂದು ಕೇಳಬಹುದು. ನಂಟು ಬಹಳವುಂಟು. ಜೇವರ್ಗಿಯ ತೊಗರಿಗೆ ಪ್ರತಿಸ್ಪರ್ಧಿಯಾಗಿರುವುದು ಪಕ್ಕದ ತಾಲ್ಲೂಕಿನ ತೊಗರಿಯೊಂದೇ ಅಲ್ಲ. ಮ್ಯಾನ್ಮಾರ್ ದೇಶದ ಯಾಂಗೊನ್ ಬಂದರಿನಿಂದಲೂ, ಆಫ್ರಿಕದ ಪೂರ್ವ ಕರಾವಳಿಯ ಮೊಜಾಂಬಿಕ್ ದೇಶದ ನಕಾಲಾ ಬಂದರಿನಿಂದಲೂ ಹಡಗುಗಳಲ್ಲಿ ತೊಗರಿ ನಮ್ಮ ದೇಶಕ್ಕೆ ಬರುತ್ತದೆ. ತಾಂಜಾನಿಯಾ, ಮಲಾವಿ ದೇಶಗಳಿಂದಲೂ ಬರುತ್ತದೆ. ಜಗತ್ತಿನಲ್ಲಿ ಅತ್ಯಂತ ಹೆಚ್ಚು ತೊಗರಿ ಬೆಳೆಯುವ ದೇಶ ಭಾರತವೇ. ಅತ್ಯಂತ ಹೆಚ್ಚು ತಿನ್ನುವ ದೇಶವೂ ಭಾರತವೇ. ಬೆಳೆದದ್ದು ಸಾಲದಾದಾಗ ಹೊರಗಿನಿಂದ ತರಿಸಬೇಕಾಗುತ್ತದೆ. ತರಿಸುವುದರಲ್ಲಿ ತಪ್ಪಿಲ್ಲ. ಯಾವಾಗ, ಎಷ್ಟು, ಯಾವ ಸುಂಕದಲ್ಲಿ ಎಂಬಲ್ಲಿಯೇ ಎಲ್ಲ ಮಾತು ಅಡಗಿದೆ.

2014 ಮತ್ತು 2015ರಲ್ಲಿ ಒಂದರ ಹಿಂದೊಂದು ಬರ ಬಂತು. 2015ರ ಕೊನೆಯ ಹೊತ್ತಿಗೆ ಪಟ್ಟಣಗಳಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ತಲುಪಿತು. ಬಡವರ ಮನೆಯ ಸಾರು ತೆಳ್ಳಗಾಯಿತು. ಹೆಚ್ಚು ಬೆಳೆಯಿರೆಂದು ಸರಕಾರ ರೈತರನ್ನು ಹುರಿದುಂಬಿಸಿತು. 2016-17ರ ಹಂಗಾಮಿಗೆ ಬೋನಸ್ ಸೇರಿಸಿ ಕ್ವಿಂಟಾಲಿಗೆ 5,050 ರೂಪಾಯಿ ಬೆಂಬಲ ಬೆಲೆಯನ್ನು ಸಾರಿತು. ರೈತರು ಆ ಮಾತನ್ನು ನಂಬಿದರು, ಮಳೆಯೂ ನಂಬಿಕೆಯನ್ನು ಉಳಿಸಿತು. ಹಿಂದಿನ ವರ್ಷ ದೇಶದಲ್ಲಿ ಸುಮಾರು 25 ಲಕ್ಷ ಟನ್ನಿನಷ್ಟಿದ್ದ ತೊಗರಿಯ ಉತ್ಪತ್ತಿ ಆ ವರ್ಷ 48 ಲಕ್ಷ ಟನ್ನನ್ನು ದಾಟಿತು. ಅದೇ ವರ್ಷ ಹೊರದೇಶಗಳಿಂದ ಬಂದ ತೊಗರಿ ಸುಮಾರು 7 ಲಕ್ಷ ಟನ್. ತುಂಬಿದ ಕೆರೆಗೆ ಮತ್ತೊಂದು ಹೊಳೆ ಬಂದು ಕೂಡಿದಂತಾಯಿತು. 2017ರ ಮೊದಲ ತಿಂಗಳುಗಳಲ್ಲಿ ಮಾರುಕಟ್ಟೆಯ ಬೆಲೆ ಬೆಂಬಲ ಬೆಲೆಗಿಂತ ಬಹಳ ಕೆಳಕ್ಕೆ ಕುಸಿಯಿತು; ಖರೀದಿ ಕೇಂದ್ರಗಳ ಮುಂದೆ ತೊಗರಿಯ ಚೀಲ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತವು.

ಹೊರಗೆ ಬೇರೆಲ್ಲಿಯಾದರೂ ಮಾರಬಹುದಾಗಿತ್ತಲ್ಲ ಎನ್ನುವಿರಾ? ಅದಕ್ಕೆ ದಾರಿಯಿರಲಿಲ್ಲ. 2006ರಲ್ಲಿಯೇ ಬೇಳೆಕಾಳುಗಳ ರಫ್ತನ್ನು ನಿಷೇಧಿಸಲಾಗಿತ್ತು. ತೊಗರಿಯ ಮೇಲಿನ ಆ ನಿಷೇಧ ತೆರವಾದದ್ದು 2017ರ ಸೆಪ್ಟೆಂಬರಿನಲ್ಲಿ. ಹನ್ನೊಂದು ವರ್ಷಗಳ ಕಾಲ ಹೊರಗಿನ ತೊಗರಿ ಒಳಗೆ ಬರುವ ಬಾಗಿಲು ತೆರೆದಿತ್ತು. ಒಳಗಿನ ತೊಗರಿ ಹೊರಗೆ ಹೋಗುವ ಬಾಗಿಲಿಗೆ ಅಗುಳಿ ಬಿದ್ದಿತ್ತು. ಬೆಲೆ ಏರಿದಾಗ ಆ ಏರಿಕೆಯನ್ನು ತಡೆಯಲು ಆಮದು ಬಂತು. ಬೆಲೆ ಇಳಿದಾಗ ಆ ಇಳಿತವನ್ನು ತಡೆಯಲು ರಫ್ತು ಬರಲಿಲ್ಲ. ಇಂತಹ ವ್ಯಾಪಾರವನ್ನು ಮುಕ್ತವೆಂದು ಕರೆಯುವುದಾದರೆ ಆ ಶಬ್ದಕ್ಕೆ ನಮ್ಮ ಶಬ್ದಕೋಶದಲ್ಲಿ ಬೇರೊಂದು ಅರ್ಥವನ್ನು ಸೇರಿಸಬೇಕಾದೀತು.

ಇಷ್ಟನ್ನು ಕೇಳಿದ ಕೂಡಲೇ ನಮ್ಮ ಮನಸ್ಸು ಹೊರದೇಶದ ತೊಗರಿಯ ಮೇಲೆ ಮುನಿಯುವುದು ಸಹಜ. ಆ ಮುನಿಸು ಯಾರ ಮೇಲೆ ಬೀಳುತ್ತದೆಂಬುದನ್ನು ಮಾತ್ರ ಕೊಂಚ ನಿಂತು ನೋಡಬೇಕು.

ಮೊಜಾಂಬಿಕ್ ನಮಗಿಂತಲೂ ಬಡ ದೇಶ. ಅದರ ಜಾಂಬೇಜಿಯಾ, ನಂಪುಲಾ ಪ್ರಾಂತಗಳಲ್ಲಿ ಲಕ್ಷಾಂತರ ಸಣ್ಣ ರೈತರು ಒಂದೆರಡು ಎಕರೆಗಳಲ್ಲಿ ಕೈಗುದ್ದಲಿ ಹಿಡಿದು ಮೆಕ್ಕೆಜೋಳ, ಮರಗೆಣಸು, ತೊಗರಿ ಬೆಳೆಯುತ್ತಾರೆ. ಮೆಕ್ಕೆಜೋಳ ಮನೆಗೆ, ತೊಗರಿಯ ಬಹುಪಾಲು ಮಾರಾಟಕ್ಕೆ. ಪಕ್ಕದ ಮಲಾವಿಯಲ್ಲಿ ತೊಗರಿಗೆ ನಂದೋಲೊ ಎಂದು ಹೆಸರು, ಅಲ್ಲಿಯ ಜನ ಅದನ್ನು ಬೇಯಿಸಿ ತಿನ್ನುತ್ತಾರೆ. ಮೊಜಾಂಬಿಕ್‌ನಲ್ಲಿ ಆ ಅಭ್ಯಾಸವೂ ಕಡಿಮೆ. ಭಾರತದ ನೆಲದಲ್ಲಿಯೇ ಹುಟ್ಟಿ, ಸಮುದ್ರ ದಾಟಿ ಹೋಗಿ ಅಲ್ಲಿ ಬೇರೂರಿದ ಈ ಗಿಡ, ಈಗ ಭಾರತಕ್ಕೆಂದೇ ಅಲ್ಲಿ ಬೆಳೆಯುತ್ತಿದೆ. 2016ರ ಜುಲೈ ತಿಂಗಳಲ್ಲಿ ನಮ್ಮ ದೇಶವು ಆ ದೇಶದೊಡನೆ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ ಒಂದು ಲಕ್ಷ ಟನ್ ಬೇಳೆಕಾಳು, ಐದು ವರ್ಷಗಳಲ್ಲಿ ಅದನ್ನು ಎರಡು ಲಕ್ಷ ಟನ್ನಿಗೆ ಏರಿಸುವುದು ಎಂದು ಮಾತಾಯಿತು. ಭಾರತಕ್ಕೆ ತೊಗರಿ ಬೇಕಂತೆ ಎಂಬ ಸುದ್ದಿ ಗುಡಿಸಲು ಗುಡಿಸಲಿಗೆ ಹಬ್ಬಿತು. ನಮ್ಮ ರೈತರಂತೆ ಅಲ್ಲಿಯವರೂ ಮಾತನ್ನು ನಂಬಿದರು. ಅವರೂ ಹೆಚ್ಚು ಬಿತ್ತಿದರು.

ಇತ್ತ ನಮ್ಮಲ್ಲಿ ಬೆಲೆ ಕುಸಿದಿತ್ತು. 2017ರ ಮಾರ್ಚ್ ತಿಂಗಳಲ್ಲಿ ತೊಗರಿಯ ಮೇಲೆ ನೂರಕ್ಕೆ ಹತ್ತರಂತೆ ಆಮದು ಸುಂಕ ಹಾಕಲಾಯಿತು. ಅತಿ ಹಿಂದುಳಿದ ದೇಶಗಳ ಸರಕಿಗೆ ಭಾರತವು 2008ರಿಂದಲೇ ಸುಂಕದ ರಿಯಾಯಿತಿ ನೀಡಿದ್ದರಿಂದ ಅದು ಹೆಚ್ಚು ತಾಗಲಿಲ್ಲ. ಆಮೇಲೆ ಆಗಸ್ಟ್ 5ರಂದು ಇನ್ನೊಂದು ಅಧಿಸೂಚನೆ ಹೊರಟಿತು: ಸರಕಾರದ ಮಟ್ಟದ ಒಪ್ಪಂದಗಳನ್ನು ಬಿಟ್ಟರೆ, ವರ್ಷಕ್ಕೆ ಎರಡು ಲಕ್ಷ ಟನ್ನಿಗಿಂತ ಹೆಚ್ಚು ತೊಗರಿಯನ್ನು ಯಾರೂ ತರಿಸುವಂತಿಲ್ಲ. ಆಗಸ್ಟ್ ಎಂದರೆ ಮೊಜಾಂಬಿಕ್‌ನಲ್ಲಿ ತೊಗರಿ ಕೈಗೆ ಬಂದು ಮಾರಾಟಕ್ಕೆ ನಿಲ್ಲುವ ಕಾಲ. ಅಲ್ಲಿ ಬೆಲೆ ನೆಲಕಚ್ಚಿತು. ತಾಂಜಾನಿಯಾದಲ್ಲಿಯೂ ಅದೇ ಗತಿಯಾಯಿತು. ಕೊಳ್ಳುವ ಮನೆ ಒಂದೇ ಆಗಿದ್ದು, ಆ ಮನೆಯ ಬಾಗಿಲು ಮುಚ್ಚಿದರೆ ಮಾರುವವನು ಎಲ್ಲಿಗೆ ಹೋಗಬೇಕು? ಊರಿನಲ್ಲಿ ಅವರಿಗೆ ಬೆಂಬಲ ಬೆಲೆಯಿಲ್ಲ, ಖರೀದಿ ಕೇಂದ್ರವಿಲ್ಲ, ಮನವಿ ಸಲ್ಲಿಸೋಣವೆಂದರೆ ಆಜ್ಞೆ ಹೊರಡಿಸಿದ ಸರಕಾರವೂ ಅವರದಲ್ಲ.

ಜೇವರ್ಗಿಯ ರೈತನ ಕಣ್ಣಿಗೆ ಮೊಜಾಂಬಿಕ್‌ನ ತೊಗರಿ ತನ್ನ ಅನ್ನ ಕಸಿಯಲು ಬಂದ ಸರಕು. ನಂಪುಲಾದ ರೈತನ ಕಣ್ಣಿಗೆ ಭಾರತವು ಒಮ್ಮೆ ಕರೆದು ಒಮ್ಮೆ ಕದ ಮುಚ್ಚುವ ದೊಡ್ಡ ಮನೆ. ಇಬ್ಬರೂ ಕಂಡದ್ದು ಸುಳ್ಳಲ್ಲ. ಅಂತರರಾಷ್ಟ್ರೀಯ ವ್ಯಾಪಾರದ ಅಸಮಾನತೆಯನ್ನು ಕುರಿತು ಮಾತನಾಡುವಾಗ ನಾವು ಯಾವಾಗಲೂ ನಮ್ಮನ್ನು ಬಡವರ ಸಾಲಿನಲ್ಲಿಯೇ ನಿಲ್ಲಿಸಿಕೊಳ್ಳುತ್ತೇವೆ. ತೊಗರಿಯ ವಿಷಯದಲ್ಲಿ ಹಾಗೆ ನಿಲ್ಲುವ ಅಧಿಕಾರ ನಮಗಿಲ್ಲವೆಂದು ನನ್ನ ಅಭಿಪ್ರಾಯ. ಇಲ್ಲಿ ಕಾಯಬಲ್ಲವರು ನಾವು, ಕಾಯಲಾರದವರು ಅವರು.

ನಾವು ಕಾಯಲಾರದವರ ಸ್ಥಾನದಲ್ಲಿದ್ದ ಕಾಲವೂ ಇತ್ತು, ಅದರ ಕಥೆ ಹತ್ತಿಯದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಆಗ ಅವರಿಗೆ ಧಾರವಾಡ ಸೀಮೆಯ ಹತ್ತಿ ನೆನಪಾಯಿತು. ಕಂಡರಿಯದ ಬೆಲೆ ಬಂತು. ಜನ ಹೊಲ ಹೊಲದಲ್ಲಿ ಹತ್ತಿ ಬಿತ್ತಿದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಮುಗಿಯಿತು. ಮುಂಬಯಿಯಿಂದ ಬಂದ ರೈಲುಹಳಿ ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿದ ಮೇಲೆ ಈ ಸೀಮೆಯ ಹತ್ತಿಯೂ ಬಂದರಿನ ದಾರಿ ಹಿಡಿಯಿತು. ಹೋದದ್ದು ಹತ್ತಿಯಾಗಿ, ಬಂದದ್ದು ಬಟ್ಟೆಯಾಗಿ. ಮೊಜಾಂಬಿಕ್‌ನ ಜನರ ಅನುಭವ ಇದಕ್ಕಿಂತ ಕಠೋರ. 1975ರಲ್ಲಿ ಸ್ವತಂತ್ರವಾದ ಆ ದೇಶ ಅಲ್ಲಿಯವರೆಗೆ ಪೋರ್ಚುಗೀಸರ ಅಧೀನದಲ್ಲಿತ್ತು. 1938ರಿಂದ 1961ರವರೆಗೆ ಅಲ್ಲಿಯ ರೈತರು ಬಲವಂತದಿಂದ ಹತ್ತಿಯನ್ನು ಬೆಳೆಯಬೇಕಾಗಿತ್ತು. ಇತಿಹಾಸದ ದೃಷ್ಟಿಯಿಂದ ನೋಡಿದರೆ ಅವರೂ ನಾವೂ ಒಂದೇ ಕೇರಿಯವರು.

ಕಚ್ಚಾ ಸರಕನ್ನು ಮಾರಿ ಸಿದ್ಧ ಸರಕನ್ನು ಕೊಳ್ಳುವವನ ಕೈಯಲ್ಲಿ ಹಣ ನಿಲ್ಲುವುದಿಲ್ಲವೆಂಬುದನ್ನು ಶಾಸ್ತ್ರೀಯವಾಗಿ ತೋರಿಸಿಕೊಟ್ಟವರಲ್ಲಿ ಅರ್ಜೆಂಟೀನದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಷ್ ಮುಖ್ಯರು. ಕಾಲ ಕಳೆದಂತೆ ಯಂತ್ರದ ಬೆಲೆ ಏರುವ ಪ್ರಮಾಣದಲ್ಲಿ ಧಾನ್ಯದ, ಅದಿರಿನ ಬೆಲೆ ಏರುವುದಿಲ್ಲ. ನಿನ್ನೆ ಹತ್ತು ಚೀಲ ಕೊಟ್ಟು ತಂದ ಯಂತ್ರಕ್ಕೆ ನಾಳೆ ಹದಿನೈದು ಚೀಲ ಕೊಡಬೇಕಾಗುತ್ತದೆ ಎಂಬುದು ಅವರ ವಾದದ ಸಾರ. 1964ರಲ್ಲಿ ಜಿನೀವಾ ನಗರದಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ ಮೊದಲ ಅಧಿವೇಶನ ಸೇರಿದಾಗ ಅದರ ಮಹಾಕಾರ್ಯದರ್ಶಿಗಳು ಅವರೇ. ಅಲ್ಲಿಯೇ ಎಪ್ಪತ್ತೇಳು ಹಿಂದುಳಿದ ದೇಶಗಳು ಒಂದು ಕೂಟವಾಗಿ ನಿಂತವು, ಭಾರತವೂ ಅದರಲ್ಲಿತ್ತು. ಪ್ರೆಬಿಷರ ಮಾತು ಎಲ್ಲ ಕಾಲಕ್ಕೂ ಎಲ್ಲ ಸರಕಿಗೂ ಹೊಂದುವುದಿಲ್ಲವೆಂದು ವಾದಿಸುವ ಪಂಡಿತರಿದ್ದಾರೆ. ಇರಲಿ. ಜಗತ್ತಿನ ಕೋಕೋ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವ ಘಾನಾ, ಐವರಿ ಕೋಸ್ಟ್ ದೇಶಗಳ ಹೆಸರನ್ನು ಚಾಕೊಲೇಟಿನ ಹೊದಿಕೆಯ ಮೇಲೆ ನಾವು ಹುಡುಕಿ ಓದಬೇಕಾಗಿರುವುದಂತೂ ಸುಳ್ಳಲ್ಲ. ಮೊಜಾಂಬಿಕ್‌ನ ತೊಗರಿಯೂ ಬಹುಪಾಲು ಕಾಳಾಗಿಯೇ ಹಡಗು ಹತ್ತುತ್ತದೆ. ಬೇಳೆಯಾಗುವುದು ಇಲ್ಲಿ.

ಇನ್ನು ನಿಯಮಗಳ ಮಾತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಸ್ಥಾಪನೆಯಾಯಿತು. ಎಲ್ಲ ದೇಶಗಳಿಗೂ ಒಂದೇ ನಿಯಮ, ಪ್ರತಿಯೊಂದು ದೇಶಕ್ಕೂ ಒಂದು ಮತ ಎಂಬ ಅದರ ರಚನೆ ಕೇಳಲು ಹಿತವಾಗಿದೆ. ಕೃಷಿಯ ಒಪ್ಪಂದದೊಳಗೆ ಇಣುಕಿದರೆ ಬೇರೆಯೇ ನೋಟ ಕಾಣುತ್ತದೆ. ಆವರೆಗೆ ತಮ್ಮ ರೈತರಿಗೆ ಅಪಾರವಾದ ನೆರವು ಕೊಡುತ್ತಿದ್ದ ಶ್ರೀಮಂತ ದೇಶಗಳಿಗೆ ಅದನ್ನು ಒಂದಿಷ್ಟು ಇಳಿಸಿ ಉಳಿದುದನ್ನು ಮುಂದುವರಿಸುವ ಹಕ್ಕು ದೊರೆಯಿತು. ಕೊಡಲು ಶಕ್ತಿಯಿಲ್ಲದೆ ಅಲ್ಪಸ್ವಲ್ಪ ಕೊಡುತ್ತಿದ್ದ ನಮ್ಮಂಥ ದೇಶಗಳಿಗೆ ಬೆಳೆಯ ಒಟ್ಟು ಮೌಲ್ಯದ ನೂರಕ್ಕೆ ಹತ್ತು ಎಂಬ ಗೆರೆ ಎಳೆಯಲಾಯಿತು. ಮಿತಿಮೀರಿ ಉಂಡವನಿಗೆ ಸ್ವಲ್ಪ ಕಡಿಮೆ ಉಣ್ಣೆಂದೂ, ಅರೆಹೊಟ್ಟೆಯವನಿಗೆ ಇನ್ನು ಮುಂದೆ ಇಷ್ಟೇ ಉಣ್ಣೆಂದೂ ಹೇಳಿದಂತೆ ಇದು. ಅಷ್ಟೇ ಅಲ್ಲ, ಬೆಂಬಲ ಬೆಲೆಯಲ್ಲಿ ನೆರವು ಎಷ್ಟೆಂದು ಲೆಕ್ಕ ಹಾಕುವಾಗ ಇಂದಿನ ಬೆಂಬಲ ಬೆಲೆಯನ್ನು 1986ರಿಂದ 1988ರವರೆಗಿನ ಅಂತರರಾಷ್ಟ್ರೀಯ ಬೆಲೆಯೊಡನೆ ಹೋಲಿಸಬೇಕು. ಈ ಪಾಠವನ್ನು ಓದುತ್ತಿರುವ ವಿದ್ಯಾರ್ಥಿಗಳು ಹುಟ್ಟುವುದಕ್ಕೆ ಎರಡು ದಶಕಗಳಿಗೂ ಹಿಂದಿನ ಬೆಲೆ ಅದು! ಅಂದಿನಿಂದ ಇಂದಿನವರೆಗೆ ಗೊಬ್ಬರ ಏರಿದೆ, ಡೀಸೆಲ್ ಏರಿದೆ, ಕೂಲಿ ಏರಿದೆ. ಆ ಲೆಕ್ಕದ ಪುಸ್ತಕದಲ್ಲಿ ಮಾತ್ರ ಕಾಲ ನಿಂತಿದೆ.

ಈ ಲೆಕ್ಕವನ್ನು ಮುಂದಿಟ್ಟುಕೊಂಡೇ 2019ರ ಫೆಬ್ರವರಿ ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳು, ಭಾರತವು ಬೇಳೆಕಾಳುಗಳಿಗೆ ಮಿತಿ ಮೀರಿ ಬೆಂಬಲ ಕೊಡುತ್ತಿದೆ ಎಂದು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಆಕ್ಷೇಪ ಎತ್ತಿದವು. ಕಡಲೆ, ಉದ್ದು, ಹೆಸರು, ಚನ್ನಂಗಿಗಳ ಜೊತೆಗೆ ನಮ್ಮ ತೊಗರಿಯ ಹೆಸರೂ ಆ ಪತ್ರದಲ್ಲಿತ್ತು. ಆಳಂದದ ಖರೀದಿ ಕೇಂದ್ರದಲ್ಲಿ ತನ್ನ ಸರದಿಗಾಗಿ ಚೀಲದ ಮೇಲೆ ಕುಳಿತಿದ್ದ ರೈತನಿಗೆ, ತನಗೆ ಹೆಚ್ಚು ಬೆಲೆ ದೊರೆಯುತ್ತಿದೆಯೆಂದು ಜಿನೀವಾದಲ್ಲಿ ದೂರು ದಾಖಲಾಗಿರುವ ಸಂಗತಿ ತಿಳಿದಿದ್ದರೆ ಅವನು ನಗುತ್ತಿದ್ದನೋ ಅಳುತ್ತಿದ್ದನೋ ನಾನು ಹೇಳಲಾರೆ. ದೂರು ಕೊಟ್ಟವರ ಹಿಂದೆ ಕೆನಡಾದ ಸಸ್ಕಾಚೆವಾನ್ ಪ್ರಾಂತದಂತಹ ಸೀಮೆಗಳಿವೆ. ಅಲ್ಲಿ ಒಂದೊಂದು ಕುಟುಂಬ ಸಾವಿರಾರು ಎಕರೆಗಳಲ್ಲಿ ಬಟಾಣಿ, ಚನ್ನಂಗಿ ಬೆಳೆಯುತ್ತದೆ, ಬೆಲೆ ಬಾರದಿದ್ದರೆ ಸ್ವಂತ ಉಕ್ಕಿನ ಕಣಜಗಳಲ್ಲಿ ತುಂಬಿಟ್ಟು ಕಾಯುತ್ತದೆ. ನಾವು ಕಳೆದುಕೊಂಡ ಹಗೇವು ಅವರ ಅಂಗಳದಲ್ಲಿ ಇನ್ನೂ ನಿಂತಿದೆ.

ನಿಯಮ ಒಂದೇ ಆದರೂ ಅದನ್ನು ದಕ್ಕಿಸಿಕೊಳ್ಳುವ ಬಲ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕವು ತನ್ನ ಹತ್ತಿ ಬೆಳೆಗಾರರಿಗೆ ಕೊಡುತ್ತಿದ್ದ ಸಹಾಯಧನ ಅನ್ಯಾಯವಾದುದೆಂದು ಬ್ರೆಜಿಲ್ 2002ರಲ್ಲಿ ಮೊಕದ್ದಮೆ ಹೂಡಿ ಗೆದ್ದಿತು. ಕೊನೆಗೆ 2014ರಲ್ಲಿ ಅಮೆರಿಕವು 30 ಕೋಟಿ ಡಾಲರ್ ಕೊಟ್ಟು ಆ ಜಗಳವನ್ನು ಮುಗಿಸಿಕೊಂಡಿತು. ಅದೇ ಹತ್ತಿಯನ್ನೇ ನಂಬಿ ಬದುಕುವ ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಎಂಬ ನಾಲ್ಕು ಬಡ ದೇಶಗಳು 2003ರಲ್ಲಿಯೇ ಇದೇ ಅಹವಾಲನ್ನು ಮುಂದಿಟ್ಟಿದ್ದವು. ಬ್ರೆಜಿಲ್‌ಗೆ ಹಣ ಬಂತು. ಆ ನಾಲ್ವರಿಗೆ ಸಹಾನುಭೂತಿಯ ಮಾತುಗಳು ಬಂದವು.

ತೊಗರಿಗೆ ಒದಗಿದ್ದು ಅದಕ್ಕೆ ಮೊದಲೇ ನಮ್ಮ ಸೂರ್ಯಕಾಂತಿಗೆ ಒದಗಿತ್ತು. ಉತ್ತರ ಕರ್ನಾಟಕದ ಎರೆಹೊಲಗಳು ಒಂದು ಕಾಲಕ್ಕೆ ಹಳದಿ ಹೊದ್ದು ನಿಲ್ಲುತ್ತಿದ್ದವು. 1990ರ ದಶಕದ ನಡುವಿನಿಂದ ಹೊರಗಿನ ಎಣ್ಣೆಗೆ ಬಾಗಿಲು ಅಗಲವಾಯಿತು. ಮಲೇಶಿಯಾ, ಇಂಡೊನೇಶಿಯಾಗಳ ತಾಳೆಎಣ್ಣೆ, ಬಳಿಕ ಉಕ್ರೇನ್, ರಷ್ಯಾಗಳ ಸೂರ್ಯಕಾಂತಿ ಎಣ್ಣೆ ಬಂದವು. ಹೊಲದಲ್ಲಿ ಸೂರ್ಯಕಾಂತಿ ಅಪರೂಪವಾಯಿತು. 2022ರಲ್ಲಿ ಆ ಎರಡು ದೇಶಗಳ ನಡುವೆ ಯುದ್ಧ ಹೊತ್ತಿದಾಗ ನಮ್ಮ ಒಗ್ಗರಣೆಯ ಸೌಟಿಗೂ ಅದರ ಬಿಸಿ ತಾಗಿತು. ಅಷ್ಟು ಹೊತ್ತಿಗೆ ಆ ಬೆಳೆಯನ್ನು ಕೈಬಿಟ್ಟಿದ್ದ ರೈತ ಮರುದಿನವೇ ಅದಕ್ಕೆ ಮರಳುವುದು ಸಾಧ್ಯವಿರಲಿಲ್ಲ.

ಹಾಗಾದರೆ ಹೊರಗಿನ ತೊಗರಿಗೆ ಶಾಶ್ವತವಾಗಿ ಕದ ಮುಚ್ಚಬೇಕೆ? ಹಾಗೆ ಹೇಳುವ ಉತ್ಸಾಹಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಆಳಂದ, ಅಫಜಲಪುರ ತಾಲ್ಲೂಕುಗಳ ಎಷ್ಟೋ ಕುಟುಂಬಗಳು ಬೇಸಗೆಯಲ್ಲಿ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತವೆ. ಜನವರಿಯಲ್ಲಿ ತೊಗರಿಯನ್ನು ಅಗ್ಗವಾಗಿ ಮಾರಿದ ಕೈಯೇ ಏಪ್ರಿಲ್ ತಿಂಗಳಲ್ಲಿ ಮುಂಬಯಿಯ ಕಿರಾಣಿ ಅಂಗಡಿಯಲ್ಲಿ ಬೇಳೆಯನ್ನು ತುಟ್ಟಿಯಾಗಿ ಕೊಳ್ಳುತ್ತದೆ. ಬೇಳೆಯ ಬೆಲೆ ಕಿಲೋಗೆ 200 ರೂಪಾಯಿಯಾದರೆ ಹೊಡೆತ ಬೀಳುವುದು ಅವರ ಮಕ್ಕಳ ತಟ್ಟೆಗೇ. ಬರದ ವರ್ಷದಲ್ಲಿ ನಮಗೆ ಮೊಜಾಂಬಿಕ್ ಬೇಕು, ಮಲಾವಿ ಬೇಕು, ಮ್ಯಾನ್ಮಾರ್ ಬೇಕು. ಬರದಲ್ಲಿ ಬೇಕಾದವರನ್ನು ಸುಗ್ಗಿಯಲ್ಲಿ ಮರೆಯುವುದು ಸಭ್ಯ ನೆರೆಹೊರೆಯ ಲಕ್ಷಣವಲ್ಲ. ಅವರು ಬೇರೆ ಬೆಳೆಗೆ ತಿರುಗಿದರೆ ಮುಂದಿನ ಬರದಲ್ಲಿ ಕಷ್ಟ ನಮ್ಮದೇ.

ಕಾಯುವ ಶಕ್ತಿಯನ್ನು ಎರಡೂ ಕಡೆಯ ರೈತರಿಗೆ ಒದಗಿಸುವುದೇ ಇದಕ್ಕೆ ದಾರಿಯೆಂದು ನನಗೆ ತೋರುತ್ತದೆ. ಹೋಬಳಿಗೊಂದು ಉಗ್ರಾಣವಿದ್ದು, ಅಲ್ಲಿಟ್ಟ ತೊಗರಿಯ ರಸೀದಿಯ ಮೇಲೆ ಕಡಿಮೆ ಬಡ್ಡಿಯ ಸಾಲ ಸಲೀಸಾಗಿ ಸಿಕ್ಕರೆ ಜೇವರ್ಗಿಯ ರೈತ ಜನವರಿಯಲ್ಲಿ ಮಾರಲೇಬೇಕೆಂಬ ಒತ್ತಡದಿಂದ ಪಾರಾದಾನು. ಕಾಳು ಬೇಳೆಯಾಗುವ ಗಿರಣಿ ಕಲಬುರಗಿ ನಗರದ ಜೊತೆಗೆ ತಾಲ್ಲೂಕುಗಳಲ್ಲಿಯೂ ಬೆಳೆದು, ಅದರಲ್ಲಿ ರೈತರ ಸಹಕಾರಿ ಸಂಘಗಳಿಗೆ ಪಾಲಿದ್ದರೆ ಭೌಗೋಳಿಕ ಗುರುತು ಕಾಗದದ ಗೌರವವಾಗಿ ಉಳಿಯಲಾರದು. ನಂಪುಲಾದಲ್ಲಿಯೂ ಒಂದಿಷ್ಟು ಕಾಳು ಬೇಳೆಯಾಗಿ ಹಡಗು ಹತ್ತಲಿ. ಅದಕ್ಕೆ ನಾವು ಅಸೂಯೆ ಪಡಬೇಕಾಗಿಲ್ಲ. ಜಿನೀವಾದಲ್ಲಿ 1986ರ ಲೆಕ್ಕವನ್ನು ಬದಲಿಸಿರೆಂದು ಭಾರತ ಕೇಳುತ್ತಲೇ ಬಂದಿದೆ. ಮೊಜಾಂಬಿಕ್, ಮಲಾವಿಗಳ ರೈತರಿಗೆ ಕೊಟ್ಟ ಮಾತನ್ನು ನಡೆಸಿಕೊಟ್ಟ ದೇಶವಾಗಿ ಕೇಳಿದರೆ ಆ ಕೋರಿಕೆಗೆ ತೂಕ ಹೆಚ್ಚು.

ಎಲ್ಲಕ್ಕಿಂತ ಮೊದಲು ಆಜ್ಞೆಗಳ ತಿಥಿಯನ್ನು ಸರಿಪಡಿಸಬೇಕು. 2021ರ ಮೇ ತಿಂಗಳಲ್ಲಿ ತೊಗರಿಯ ಆಮದಿನ ಮೇಲಿದ್ದ ಮಿತಿಯನ್ನು ತೆಗೆಯಲಾಯಿತು. ಅದೇ ವರ್ಷ ಐದು ವರ್ಷಗಳ ಅವಧಿಗೆ, ಮಲಾವಿಯಿಂದ ವರ್ಷಕ್ಕೆ 50,000 ಟನ್, ಮ್ಯಾನ್ಮಾರ್‌ನಿಂದ ಒಂದು ಲಕ್ಷ ಟನ್ ತರಿಸುವ ಒಪ್ಪಂದಗಳಾದವು. ಐದು ವರ್ಷದ ಒಪ್ಪಂದ ಒಳ್ಳೆಯ ಕ್ರಮ. ಆದರೆ ಮಿತಿಯಿಲ್ಲದ ಆಮದಿನ ಅವಧಿಯನ್ನು ವಿಸ್ತರಿಸುವ ಅಧಿಸೂಚನೆಗಳು ಹೊರಟದ್ದು ಯಾವಾಗ? ಒಂದು 2023ರ ಡಿಸೆಂಬರಿನ ಕೊನೆಯಲ್ಲಿ. ಇನ್ನೊಂದು, 2026ರ ಮಾರ್ಚ್ 31ರವರೆಗೆ ಅವಧಿಯನ್ನು ಮುಂದುವರಿಸಿದ್ದು, 2025ರ ಜನವರಿಯಲ್ಲಿ. ಎರಡೂ ಸಲ ಅಫಜಲಪುರದ ಕಣಗಳಲ್ಲಿ ರಾಶಿ ನಡೆದಿತ್ತು. ಬೆಂಬಲ ಬೆಲೆ 7,550 ರೂಪಾಯಿಯಾಗಿದ್ದ 2025ರ ಆ ಹಂಗಾಮಿನಲ್ಲಿ, ಹಿಂದಿನ ವರ್ಷ 10,000 ರೂಪಾಯಿಗೂ ಮೇಲಿದ್ದ ಪೇಟೆಯ ಬೆಲೆ ಬೆಂಬಲ ಬೆಲೆಯ ಆಚೀಚೆ ಬಂದು ನಿಂತಿತು. ಆ ಆರ್ಥಿಕ ವರ್ಷದಲ್ಲಿ ಹೊರಗಿನಿಂದ ಬಂದ ತೊಗರಿ 10 ಲಕ್ಷ ಟನ್ನನ್ನೂ ಮೀರಿತ್ತು. ಅದೇ ಜನವರಿಯಲ್ಲಿ ಮೊಜಾಂಬಿಕ್‌ನ ಹೊಲಗಳಲ್ಲಿ ಹೊಸ ತೊಗರಿಯ ಬಿತ್ತನೆ ಆಗಿಹೋಗಿತ್ತು. ಇಲ್ಲಿ ಬಿತ್ತನೆಯಾಗುವುದು ಜೂನ್‌ನಲ್ಲಿ, ಅಲ್ಲಿ ನವೆಂಬರಿನ ಬಳಿಕ. ಮುಂದಿನ ಎರಡು ಮೂರು ವರ್ಷಗಳಲ್ಲಿ ಎಷ್ಟು ತೊಗರಿ ಕೊಳ್ಳುತ್ತೇವೆ, ಬೆಲೆ ಎಷ್ಟಕ್ಕೆ ಇಳಿದರೆ ಎಷ್ಟು ಸುಂಕ ಹಾಕುತ್ತೇವೆ ಎಂಬುದನ್ನು ಪ್ರತಿ ವರ್ಷ ಮೇ ತಿಂಗಳಲ್ಲಿಯೇ ಸಾರಿ ಹೇಳಿ, ನಡುವೆ ಬದಲಿಸದೆ ನಡೆದುಕೊಂಡರೆ, ಜೇವರ್ಗಿಯವನೂ ನಂಪುಲಾದವನೂ ತಮ್ಮ ಹೊಲಕ್ಕೆ ಏನನ್ನು ಹಾಕಬೇಕೆಂಬುದನ್ನು ಬೀಜದ ಚೀಲ ಬಿಚ್ಚುವ ಮೊದಲೇ ಯೋಚಿಸಬಲ್ಲರು. ಇದಕ್ಕೆ ಹೊಸ ಖಜಾನೆ ಬೇಕಾಗಿಲ್ಲ, ಜಿನೀವಾದ ಒಪ್ಪಿಗೆಯೂ ಬೇಕಾಗಿಲ್ಲ. ದೆಹಲಿಯ ಕಚೇರಿಯೊಂದರಲ್ಲಿ ಕ್ಯಾಲೆಂಡರಿನ ಪಕ್ಕಕ್ಕೆ ಬಿತ್ತನೆಯ ಪಂಚಾಂಗವೊಂದನ್ನು ತೂಗುಹಾಕಬೇಕಾಗಿದೆ.